ಕರೆಯದೆ ಬಂದ ಶ್ರುತಿ

ಸಂಗೀತಕ್ಕೆ ಶ್ರುತಿಯೇ ತಾಯಿ ಎಂಬ ಮಾತನ್ನು ಕೇಳದವರು ನಮ್ಮಲ್ಲಿ ವಿರಳ. ಆದರೆ ತಂಬೂರಿಯ ಹಂಗಿಲ್ಲದೆ, ಯಾರೂ ಕರೆಯದೆ, ಗೋಡೆಯೊಳಗಿನ ತಂತಿಯಿಂದ ಇಳಿದು ಬಂದು ನಡುಮನೆಯಲ್ಲಿ ಬೀಡುಬಿಡುವ ಶ್ರುತಿಯೂ ಒಂದುಂಟು. ಮನೆಯ ಕಂಪ್ಯೂಟರಿನಲ್ಲಿ ಗಿಟಾರು ವಾದನವನ್ನು ಮುದ್ರಿಸಿಕೊಳ್ಳಲು ಹೊರಟವರಿಗೆಲ್ಲ ಈ ಅತಿಥಿಯ ಪರಿಚಯ ಆಗಿಯೇ ತೀರುತ್ತದೆ. ನನಗೆ ಅದು ಕಳೆದ ಬೇಸಗೆಯ ರಜೆಯಲ್ಲಿ ಆಯಿತು. ಪರಿಚಯವು ಸ್ನೇಹವಾಗಿ ಬೆಳೆಯಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ನನ್ನ ಸೋದರಮಾವನವರು 1970ರ ದಶಕದಲ್ಲಿ ಮೈಸೂರಿನ ಮದುವೆಯ ಆರತಕ್ಷತೆಗಳಲ್ಲಿಯೂ ಗಣೇಶೋತ್ಸವದ ಚಪ್ಪರಗಳಲ್ಲಿಯೂ ಎಲೆಕ್ಟ್ರಿಕ್ ಗಿಟಾರು ನುಡಿಸಿದವರು. ಅಂದು ಅವರ ಕೈಯಿಂದ ಹೊರಟ ಸ್ವರಗಳಲ್ಲಿ ಒಂದಾದರೂ ಯಾವ ಟೇಪಿನಲ್ಲಿಯೂ ಉಳಿದಿಲ್ಲ. ಈಗ ಅವರ ಬೆರಳಿನ ಗಿಣ್ಣುಗಳನ್ನು ಸಂಧಿವಾತವು ಹಿಡಿದಿದೆ. ದಿನಕ್ಕೆ ಹತ್ತು ನಿಮಿಷ ನುಡಿಸಬಲ್ಲರು. ಹನ್ನೊಂದನೆಯ ನಿಮಿಷಕ್ಕೆ ಎಡಗೈ ತಂತಿಯನ್ನು ಒತ್ತಲಾರದು. ಹತ್ತು ಹಾಡುಗಳನ್ನಾದರೂ ಮುದ್ರಿಸಿಡಬೇಕೆಂದು ನಾನು ಹಟ ಹಿಡಿದೆ. ಗಿಟಾರಿಗೂ ಕಂಪ್ಯೂಟರಿಗೂ ನಡುವೆ ಇಡುವ ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆಯನ್ನು ಕೊಂಡು ತಂದೆ. ಮೊದಲ ದಿನ ಅವರು ನುಡಿಸಿದರು, ನಾನು ಮುದ್ರಿಸಿದೆ, ಇಬ್ಬರೂ ಕುಳಿತು ಕೇಳಿದೆವು. ಸ್ವರದ ಹಿಂದೆ ಒಂದು ಗುಂಯ್‌ಕಾರ, ಅದರ ಮೇಲೊಂದು ಕರಕರ ಧ್ವನಿ, ನಡುನಡುವೆ ಚಟ್ ಚಟ್ ಎಂಬ ಸಿಡಿತ. ಜೇನುಗೂಡಿನೊಳಗೆ ಕುಳಿತು ನುಡಿಸಿದಂತಿತ್ತು.

ಮುದ್ರಿಸಿದ ಮೇಲೆ ಸದ್ದನ್ನು ತೊಳೆದುಹಾಕುವ ತಂತ್ರಾಂಶಗಳಿವೆ. ನಾನು ಮೊದಲು ಅವುಗಳ ಮೊರೆಹೊಕ್ಕೆ. ಒಂದೆರಡು ಕ್ಷಣದ ಬರಿಯ ಗುಂಯ್‌ಕಾರವನ್ನು ಮಾದರಿಯಾಗಿ ತೋರಿಸಿದರೆ ಸಾಕು, ಅಂಥದ್ದನ್ನೆಲ್ಲ ಯಂತ್ರವು ಹೆಕ್ಕಿ ತೆಗೆಯುತ್ತದೆ. ಮರುದಿನ ಆ ಶುಭ್ರವಾದ ಪ್ರತಿಯನ್ನು ಹೆಮ್ಮೆಯಿಂದ ಕೇಳಿಸಿದೆ. ಮಾವ ಕಣ್ಣುಮುಚ್ಚಿ ಕೇಳಿ, "ಇದು ಬೇರೆ ಯಾರೋ ನುಡಿಸಿದ್ದು. ನನ್ನ ಸ್ವರ ಇಷ್ಟು ಬೇಗ ಸಾಯುವುದಿಲ್ಲ" ಎಂದರು. ಮಾತು ಸತ್ಯವಾಗಿತ್ತು. ಮೀಟಿದ ತಂತಿಯ ನಾದವು ಕ್ಷೀಣಿಸುತ್ತ ಗುಂಯ್‌ಕಾರದ ಮಟ್ಟಕ್ಕೆ ಇಳಿದಾಗ ಯಂತ್ರಕ್ಕೆ ಎರಡರ ಭೇದ ತಿಳಿಯದು. ಕಳೆಯೊಡನೆ ಪೈರನ್ನೂ ಕಿತ್ತುಬಿಡುತ್ತದೆ. ಉಳಿದ ಸ್ವರವೂ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಆದುದರಿಂದ ಸದ್ದನ್ನು ಅದು ಹುಟ್ಟುವ ಸ್ಥಳದಲ್ಲಿಯೇ ಹಿಡಿಯಬೇಕೆಂದು ನಿಶ್ಚಯಿಸಿದೆವು.

ಇಲ್ಲಿ ಒಂದು ವಿಚಾರವನ್ನು ವಾಚಕರು ಗಮನಿಸಬೇಕು. ಇಂಟರ್‌ಫೇಸಿಗೆ ನೇರವಾಗಿ ಜೋಡಿಸಿದ ಎಲೆಕ್ಟ್ರಿಕ್ ಗಿಟಾರಿಗೆ ಬೀದಿಯ ಸೊಪ್ಪಿನವಳ ಕೂಗು ಕೇಳಿಸುವುದಿಲ್ಲ; ಗೋಡೆಯೊಳಗಿನ ವಿದ್ಯುತ್ತು ಕೇಳಿಸುತ್ತದೆ. ತಂತಿಗಳ ಕೆಳಗಿರುವ ಪಿಕಪ್ ಎಂಬುದು ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಉಕ್ಕಿನ ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಆ ಸುರುಳಿಯೇ ಸುತ್ತಲಿನ ವಿದ್ಯುತ್ ಸಾಧನಗಳ ಕಾಂತಕ್ಷೇತ್ರಕ್ಕೂ ಕಿವಿಗೊಡುತ್ತದೆ. ನಮ್ಮ ದೇಶದ ಮನೆಗಳಿಗೆ ಬರುವ ವಿದ್ಯುತ್ತಿಗೆ ಸೆಕೆಂಡಿಗೆ 50 ಆವರ್ತನ. ಆದುದರಿಂದ ಗುಂಯ್‌ಕಾರವು 50, 100, 150 ಕಂಪನಗಳಲ್ಲಿ ಕೇಳಿಬರುತ್ತದೆ. ಗಿಟಾರಿನ ದಪ್ಪ ತಂತಿಯನ್ನು ಮೂರನೆಯ ಮನೆಯಲ್ಲಿ ಒತ್ತಿದಾಗ ಹೊರಡುವ 'ಜಿ' ಸ್ವರಕ್ಕೆ 98 ಕಂಪನ. ಮಾವನವರು ಯಾವ ಮಾಪಕವೂ ಇಲ್ಲದೆ, "ಇದು 'ಜಿ'ಗಿಂತ ತುಸು ಏರಿದೆ, ಅದಕ್ಕೇ ಕಿವಿಗೆ ಚುಚ್ಚುತ್ತದೆ" ಎಂದು ಮೊದಲ ದಿನವೇ ಹೇಳಿದ್ದರು!

ಈ ಪೀಡೆಗೆ ಅಮೆರಿಕದ ಗಿಬ್ಸನ್ ಸಂಸ್ಥೆಯ ಸೆತ್ ಲವರ್ ಎಂಬಾತನು 1955ರಲ್ಲಿ ಸೊಗಸಾದ ಪರಿಹಾರವೊಂದನ್ನು ಕಂಡುಹಿಡಿದನು. ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿ, ಅವುಗಳ ಅಯಸ್ಕಾಂತದ ಧ್ರುವಗಳನ್ನೂ ತಿರುಗಿಸಿಟ್ಟರೆ, ಹೊರಗಿನ ಗುಂಯ್‌ಕಾರವು ಒಂದನ್ನೊಂದು ಕಳೆದುಕೊಳ್ಳುತ್ತದೆ. ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಹಂಬಕರ್ ಎಂದು ಅದರ ಹೆಸರು. ಆದರೆ ಮಾವನ ಗಿಟಾರು ಒಂಟಿ ಸುರುಳಿಯದು, ಆ ಸುರುಳಿಯ ತಿಳಿಯಾದ ದನಿಯೇ ಅವರಿಗೆ ಪ್ರಿಯ.

ಇನ್ನು ಶೋಧನೆಯ ಕ್ರಮ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ ಮೇಲೆ ಕೇಳಬೇಕು. ಮಾವನ ಹತ್ತು ನಿಮಿಷ ವ್ಯರ್ಥವಾಗದಿರಲೆಂದು ಗಿಟಾರನ್ನು ನಾನೇ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಮೊದಲನೆಯದಾಗಿ ಗಿಟಾರಿನ ಮೇಲಿನ ವಾಲ್ಯೂಮ್ ಗುಂಡಿಯನ್ನು ಸೊನ್ನೆಗೆ ತಿರುಗಿಸಿದೆ. ಗುಂಯ್‌ಕಾರವೂ ಕರಕರವೂ ನಿಂತವು. ಒಂದು ಕೀರಲು ಧ್ವನಿ ಉಳಿಯಿತು. ನಿಂತದ್ದು ಗಿಟಾರಿನ ಮೂಲಕ ಬಂದದ್ದು, ಉಳಿದದ್ದು ಅದರ ಆಚೆಗೆ ಹುಟ್ಟಿದ್ದು. ಅರ್ಧ ರೋಗ ಇಷ್ಟರಿಂದಲೇ ಪತ್ತೆಯಾಯಿತು.

ಕೀರಲು ಧ್ವನಿಯು ಮೌಸ್ ಸರಿಸಿದಾಗಲೆಲ್ಲ ಬದಲಾಗುತ್ತಿತ್ತು. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿದೊಡನೆ ಅದು ಮಾಯವಾಯಿತು. ಕರಕರ ಧ್ವನಿಯ ಮೂಲ ಫ್ಯಾನಿನ ರೆಗ್ಯುಲೇಟರು. ಇಂದಿನ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳಲ್ಲಿ ಅನೇಕವು ವಿದ್ಯುತ್ತಿನ ಅಲೆಯನ್ನು ಸೆಕೆಂಡಿಗೆ 100 ಸಲ ಕತ್ತರಿಸಿ ವೇಗವನ್ನು ತಗ್ಗಿಸುತ್ತವೆ. ಆ ಕತ್ತರಿಯ ಸದ್ದೇ ಗಿಟಾರಿಗೆ ಕೇಳುತ್ತದೆ. ಏಪ್ರಿಲ್ ತಿಂಗಳಲ್ಲಿ ಫ್ಯಾನು ನಿಲ್ಲಿಸಿ ಕುಳಿತೆವು. ಕಲೆಗಾಗಿ ಬೆವರು ಸುರಿಸುವುದೆಂದರೇನೆಂದು ಆಗ ತಿಳಿಯಿತು. ಉಳಿದ ಗುಂಯ್‌ಕಾರಕ್ಕೆ ಖರ್ಚಿಲ್ಲದ ಉಪಾಯವೊಂದಿದೆ: ಗಿಟಾರು ಹಿಡಿದು ಕುರ್ಚಿಯೊಡನೆ ನಿಧಾನವಾಗಿ ಸುತ್ತುವುದು. ಯಾವುದೋ ಒಂದು ದಿಕ್ಕಿನಲ್ಲಿ ಸುರುಳಿಯು ಕಾಂತಕ್ಷೇತ್ರಕ್ಕೆ ಬೆನ್ನು ತೋರಿಸುತ್ತದೆ, ಗುಂಯ್‌ಕಾರ ತಗ್ಗುತ್ತದೆ. ನಮ್ಮ ಮನೆಯಲ್ಲಿ ಆ ದಿಕ್ಕು ದೇವರ ಗೂಡಿನ ಕಡೆಗೆ ಬಂದುದನ್ನು ಕಂಡು ನಮ್ಮ ಅತ್ತೆಗೆ ಸಂತೋಷವಾಯಿತು.

ಆದರೆ ತಂತಿಯನ್ನು ಮುಟ್ಟಿದಾಗ ಗುಂಯ್‌ಕಾರವು ತಗ್ಗುವುದೂ, ಚಾರ್ಜರು ಜೋಡಿಸಿದ್ದಾಗ ಬೆರಳಿಗೆ ಜುಮ್ಮೆನ್ನುವುದೂ ನನ್ನನ್ನು ಕಳವಳಕ್ಕೀಡುಮಾಡಿದವು. ಎಲೆಕ್ಟ್ರಿಷಿಯನ್ ಬಂದು ನೋಡಿದರೆ, ಆ ಹಳೆಯ ಮನೆಯ ಮೂರು ರಂಧ್ರದ ಸಾಕೆಟ್ಟಿನಲ್ಲಿ ಮೂರನೆಯದಕ್ಕೆ ಭೂಸಂಪರ್ಕದ ತಂತಿಯೇ ಇರಲಿಲ್ಲ. ಇದು ಸದ್ದಿನ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. 1972ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರು ವಾದಕನು ವೇದಿಕೆಯ ಮೇಲೆಯೇ, ಭೂಸಂಪರ್ಕ ಸರಿಯಿಲ್ಲದ ಮೈಕನ್ನು ಮುಟ್ಟಿ ವಿದ್ಯುದಾಘಾತದಿಂದ ಮಡಿದನು. ಎರಡು ಸಾಧನಗಳು ಬೇರೆಬೇರೆ ದಾರಿಯಲ್ಲಿ ಭೂಮಿಗೆ ಸೇರಿದಾಗಲೂ ಗುಂಯ್‌ಕಾರ ಹುಟ್ಟುವುದುಂಟು. ಅದನ್ನು ನಿಲ್ಲಿಸಲು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿಯುವ ಜಾಣರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲವನ್ನೂ ಒಂದೇ ಸಾಕೆಟ್ಟಿನಿಂದ ನಡೆಸಿರಿ. ಅದರಿಂದಲೂ ಆಗದಿದ್ದರೆ ನಡುವೆ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರುಳ್ಳ ಡಿಐ ಪೆಟ್ಟಿಗೆಯನ್ನು ಇಡಿರಿ.

ಚಟ್ ಚಟ್ ಸಿಡಿತಕ್ಕೂ ವಿದ್ಯುತ್ತಿಗೂ ಸಂಬಂಧವಿರಲಿಲ್ಲ. ಕಂಪ್ಯೂಟರು ತುತ್ತುತುತ್ತಾಗಿ ಧ್ವನಿಯನ್ನು ಸ್ವೀಕರಿಸುತ್ತದೆ. ಈ ತುತ್ತಿಗೆ ಬಫರ್ ಎಂದು ಹೆಸರು. ತುತ್ತು ತೀರ ಸಣ್ಣದಾದರೆ ಯಂತ್ರಕ್ಕೆ ಉಸಿರಾಡಲು ಬಿಡುವಿಲ್ಲದೆ ತಡವರಿಸುತ್ತದೆ. 64ರಲ್ಲಿದ್ದುದನ್ನು 256ಕ್ಕೆ ಏರಿಸಿದೆ, ಸಿಡಿತ ನಿಂತಿತು. ಸೆಕೆಂಡಿಗೆ 48,000 ಮಾದರಿಗಳ ಲೆಕ್ಕದಲ್ಲಿ ಅದು ಐದು ಮಿಲಿಸೆಕೆಂಡಿಗೆ ತುಸು ಹೆಚ್ಚು; ಮಾವನ ಬೆರಳಿಗೆ ಆ ವಿಳಂಬ ತಿಳಿಯಲಿಲ್ಲ. ಕೊನೆಯದಾಗಿ ಧ್ವನಿಯ ಮಟ್ಟ. ಬಹಳ ತಗ್ಗಿಸಿ ಮುದ್ರಿಸಿದರೆ ಮುಂದೆ ಏರಿಸುವಾಗ ಬುಸುಗುಡುವ ಸದ್ದೂ ಏರುತ್ತದೆ. ಬಹಳ ಏರಿಸಿದರೆ ಸ್ವರದ ನೆತ್ತಿಯೇ ಹಾರಿಹೋಗುತ್ತದೆ. ಅತ್ಯಂತ ಜೋರಾದ ಮೀಟು ಗರಿಷ್ಠ ಮಿತಿಯಿಂದ ಸುಮಾರು 12 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಇಟ್ಟೆ. ಮೊಬೈಲು ಫೋನನ್ನು ಅಡುಗೆಮನೆಗೆ ಗಡೀಪಾರು ಮಾಡಿದೆ.

ಇಷ್ಟಾಗುವಾಗ ಹನ್ನೆರಡು ದಿನಗಳು ಕಳೆದಿದ್ದವು. ಹದಿಮೂರನೆಯ ಸಂಜೆ ಮಾವ ದೇವರ ಗೂಡಿಗೆ ಮುಖಮಾಡಿ ಕುಳಿತು ನುಡಿಸಿದರು. ಆಮೇಲೆ ಹೆಡ್‌ಫೋನನ್ನು ಕಿವಿಗೇರಿಸಿ, ಕೊನೆಯ ಸ್ವರವು ಸಂಪೂರ್ಣ ಅಡಗುವವರೆಗೂ ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದರು. ಎರಡು ಕಡೆ ಬೆರಳು ಜಾರಿತ್ತು. ಅದನ್ನು ಕತ್ತರಿಸಿ ಸರಿಪಡಿಸಲೇ ಎಂದು ಕೇಳಿದೆ. "ಬೇಡ. ಅದು ನನ್ನದು" ಎಂದು ಹೇಳಿ ಗಿಟಾರನ್ನು ಪೆಟ್ಟಿಗೆಯೊಳಗಿಟ್ಟರು.

ವಾಚಕರ ಮನೆಗಳಲ್ಲಿಯೂ ಹೀಗೆ ಮುದ್ರಿಸಿಡಬೇಕಾದ ಕೈಗಳಿರಬಹುದು. ಗುಂಯ್‌ಕಾರದ ಶೋಧನೆಯನ್ನು ಅವರನ್ನು ಕೂರಿಸುವ ಮುನ್ನವೇ ಮುಗಿಸಿಕೊಳ್ಳಿರಿ. ನಮ್ಮಲ್ಲಿ ಇದುವರೆಗೆ ಏಳು ಹಾಡುಗಳಾಗಿವೆ. ಎಂಟನೆಯದಕ್ಕೆ ಸಾಕೆಟ್ಟೂ ಕಂಪ್ಯೂಟರೂ ಸಿದ್ಧವಾಗಿವೆ, ಬೆರಳು ಒಪ್ಪಬೇಕಾಗಿದೆ.