ಜೇನುಗೂಡಿನ ಹಂಚಿಕೆಯೂ ಮನುಷ್ಯನ ಹೊಣೆಯೂ

ಅಂತರ್ಜಾಲದ ವ್ಯವಹಾರದಲ್ಲಿ ಯಾವ ಗಳಿಗೆಗೆ ಯಾವ ಅಂಗಡಿಗೆ ಜನ ಮುಗಿಬೀಳುವರೆಂದು ಮುಂಗಂಡು ಹೇಳಬಲ್ಲವರಿಲ್ಲ. ಹಲವು ಗಿರಾಕಿಗಳ ಜಾಲತಾಣಗಳನ್ನು ಒಂದೆಡೆ ನಡೆಯಿಸುವ ಕೇಂದ್ರದಲ್ಲಿ ಸರ್ವರ್ ಯಂತ್ರಗಳಾದರೋ ಇಂತಿಷ್ಟೇ ಇರುವುವು. ಒಬ್ಬನಿಂದ ತೆಗೆದು ಮತ್ತೊಬ್ಬನಿಗೆ ಒಪ್ಪಿಸುವಾಗ ನಡುವೆ ಕೆಲಹೊತ್ತು ಆ ಯಂತ್ರ ಯಾರಿಗೂ ದುಡಿಯದು. ಈ ತೊಡಕಿಗೆ ಸುನಿಲ್ ನಕ್ರಾನಿ, ಕ್ರೇಗ್ ಟೋವಿ ಎಂಬಿಬ್ಬರು ವಿದ್ವಾಂಸರು 2004ರಲ್ಲಿ ಪ್ರಕಟಿಸಿದ ಉಪಾಯವು ಜೇನುಗೂಡಿನಿಂದ ಬಂದುದೆಂಬುದು ನಮ್ಮ ವಾಚಕರಿಗೆ ವಿಸ್ಮಯವನ್ನುಂಟುಮಾಡದಿರದು.

ಜೇನುಗೂಡಿನಲ್ಲಿ ಅಪ್ಪಣೆ ಹೊರಡಿಸುವ ಅಧಿಕಾರಿಯಿಲ್ಲ. ರಾಣಿಯೆಂಬುದು ಹೆಸರಿಗೆ ಮಾತ್ರ. ಅದರ ಕೆಲಸ ಮೊಟ್ಟೆಯಿಡುವುದು. ಕಾರ್ನೆಲ್ ವಿಶ್ವವಿದ್ಯಾನಿಲಯದ ಥಾಮಸ್ ಸೀಲಿಯವರು ತೋರಿಸಿಕೊಟ್ಟಂತೆ, ಮಕರಂದವನ್ನು ತರುವ ನೊಣವು ತಾನು ಹೋಗಿ ಬಂದ ಹೂವಿನ ತಾಣವೊಂದನ್ನೇ ಬಲ್ಲುದು. ಅಲ್ಲಿ ಸಮೃದ್ಧಿಯಿದ್ದರೆ ಗೂಡಿಗೆ ಮರಳಿ ಹೆಚ್ಚು ಹೊತ್ತು ಕುಣಿಯುವುದು. ಅಲ್ಪವಿದ್ದರೆ ಕುಣಿಯದು, ಕಡೆಗೆ ಆ ತಾಣವನ್ನೇ ತೊರೆಯುವುದು. ಕೆಲಸವಿಲ್ಲದ ನೊಣವು ಎದುರಿಗೆ ಕಂಡ ಯಾವುದೋ ಒಂದು ಕುಣಿತವನ್ನನುಸರಿಸಿ ಹೊರಡುವುದು. ಎಲ್ಲ ತಾಣಗಳನ್ನೂ ತೂಗಿ ನೋಡುವ ನೊಣ ಒಂದಾದರೂ ಇಲ್ಲ. ಆದರೂ ಹೆಚ್ಚು ಮಕರಂದವಿದ್ದೆಡೆಗೆ ಹೆಚ್ಚು ನೊಣಗಳು ಸೇರುವುವು.

ಆ ವಿದ್ವಾಂಸರು ನೊಣದ ಸ್ಥಾನದಲ್ಲಿ ಸರ್ವರನ್ನೂ, ಹೂವಿನ ಸ್ಥಾನದಲ್ಲಿ ಗಿರಾಕಿಯನ್ನೂ, ಮಕರಂದದ ಸ್ಥಾನದಲ್ಲಿ ಸಂಪಾದನೆಯನ್ನೂ ಇಟ್ಟರು. ಬೇಡಿಕೆಯು ವಿಪರೀತವಾಗಿ ಏರಿಳಿಯುವಲ್ಲಿ ಈ ಕ್ರಮವು ಹಿಂದಿನ ಲೆಕ್ಕವನ್ನೇ ನಂಬಿ ಹಂಚುವ ಕ್ರಮವನ್ನು ಮೀರಿಸಿತು. ಏರಿಳಿತ ಕಡಮೆಯಾದಲ್ಲಿ ಹಳೆಯ ಲೆಕ್ಕವೇ ಗೆಲ್ಲಬಹುದೆಂದೂ ಅವರೇ ಬರೆದಿರುವರು. ಈ ಪ್ರಾಮಾಣಿಕತೆಯನ್ನು ನಾವು ಮೆಚ್ಚುತ್ತೇವೆ. ನೊಣದ ಕುಣಿತವನ್ನು ನೋಡುವುದಕ್ಕೆ ಬೊಕ್ಕಸದ ಹಣವೇಕೆಂದು ಮೂಗು ಮುರಿಯುವವರಿಗೆ, ಈ ಸಂಶೋಧನೆಗೆ ಅಮೆರಿಕದಲ್ಲಿ 2016ರಲ್ಲಿ ದೊರೆತ ಗೋಲ್ಡನ್ ಗೂಸ್ ಪ್ರಶಸ್ತಿಯೇ ಸಾಕಾದ ಉತ್ತರ.

ನಮಗೆ ಶಂಕೆಯಿರುವುದು ಬೇರೆಡೆ. ಜೇನಿಗೆ ಮಕರಂದವೇ ಮಕರಂದ. ಯಂತ್ರಕ್ಕೆ ಅದು ಯಾವುದೆಂದು ಗೊತ್ತುಮಾಡುವವನು ಮನುಷ್ಯ. ಮೇಲಿನ ಕೇಂದ್ರದಲ್ಲಿ ಹೆಚ್ಚು ಹಣ ತರುವ ಗಿರಾಕಿಯ ಕಡೆಗೇ ಯಂತ್ರಗಳು ವಾಲುವುವು. ವ್ಯಾಪಾರದಲ್ಲಿ ಅದು ತಪ್ಪಲ್ಲ. ಆದರೆ ಇದೇ ಕ್ರಮದಿಂದ ನೀರಿನ ಟ್ಯಾಂಕರನ್ನೋ ರೋಗಿಗಳ ವಾಹನವನ್ನೋ ಹಂಚಹೊರಟರೆ? ನೊಣವು ತೊರೆದ ಬಡಹೂವು ದೂರು ಕೊಡದು. ತೊರೆಯಲ್ಪಟ್ಟ ಕೇರಿಯಲ್ಲಿ ಮಕ್ಕಳು ಬಾಯಾರುವರು. ಆಗ ‘ಯಂತ್ರವೇ ಹಾಗೆ ಹಂಚಿತು’ ಎಂದು ಕಚೇರಿಯವರು ಕೈತೊಳೆದುಕೊಳ್ಳಲು ಎಡೆಯಿರಬಾರದು. ಇಂತಹ ಯಂತ್ರವನ್ನು ಕೊಳ್ಳುವ ಇಲಾಖೆಯು, ಯಾವುದನ್ನು ಮಕರಂದವೆಂದು ಎಣಿಸಲಾಗಿದೆ, ಎಣಿಸಿದವರಾರು, ಪ್ರತಿ ಕೇರಿಗೂ ತಪ್ಪದೆ ಸಲ್ಲಬೇಕಾದ ಕನಿಷ್ಠ ಪಾಲೆಷ್ಟು ಎಂಬುದನ್ನು ಕೊಳ್ಳುವ ಮೊದಲೇ ಗೆಜೆಟ್ಟಿನಲ್ಲಿ ಪ್ರಕಟಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ.