ಯಾವುದು ಮೊದಲು?

ನಾಲ್ಕು ಸಾಲಿನ ಆತ್ಮಹತ್ಯೆಯ ಸುದ್ದಿಗೆ ಪತ್ರಕರ್ತರಾದ ನಮಗೆ ಒಂದೇ ಕಾರಣ ಸಾಕು. ‘ಸಾಲಬಾಧೆ’, ‘ಪ್ರೇಮವೈಫಲ್ಯ’, ಏನೂ ಸಿಗದಿದ್ದರೆ ‘ಹೊಟ್ಟೆನೋವು ತಾಳಲಾರದೆ’. ನಾನೂ ವರ್ಷಗಟ್ಟಲೆ ಹಾಗೇ ಬರೆದವನು.

ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದ ಮಾಡುವ ಒಂದು ಬ್ಯಾರನ್ ಮುಂದೆ ಆಗಸ್ಟ್ ತಿಂಗಳ ರಾತ್ರಿ ಕೂತ ಮೇಲೆ ಆ ಚಾಳಿ ಬಿಟ್ಟುಹೋಯಿತು. ಸೊಪ್ಪು ಬೇಯುವ ಐದಾರು ದಿನ ಹಗಲೂ ರಾತ್ರಿ ಉರಿ ಕಾಯಬೇಕು. ಕಾಯುತ್ತಿದ್ದವನಿಗೆ ಇಪ್ಪತ್ತಾರು, ಡಿಗ್ರಿ ಮುಗಿದಿದೆ. ಒಂದು ಕಣ್ಣು ಥರ್ಮಾಮೀಟರ್ ಮೇಲೆ, ಇನ್ನೊಂದು ಬೆಂಗಳೂರು ಸೇರಿದ ಗೆಳೆಯರ ರೀಲ್ಸ್ ಮೇಲೆ. ಶಾಖ ಹೆಚ್ಚುಕಮ್ಮಿಯಾದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಹರಾಜಿನಲ್ಲಿ ಬೆಲೆ ಬೀಳುತ್ತದೆ, ಸೌದೆಗೆಂದು ತಂದ ಕೈಸಾಲ ಹಾಗೇ ಉಳಿಯುತ್ತದೆ.

‘ಒಂದ್ ಗಳಿಗೆ ಮಲಗಬಾರದೇನಪ್ಪ?’ ಅಂದೆ.

‘ಮಲ್ಗಿದ್ರೂ ನಿದ್ದೆ ಬರಲ್ಲ ಸಾರ್. ಬ್ಯಾರನ್ ಇಲ್ದಾಗ್ಲೂ ಬರಲ್ಲ.’

ನಿದ್ದೆಗೆಂದು ಕುಡಿತ ಶುರುವಾಗಿತ್ತು. ಕುಡಿತದ ಸುದ್ದಿ ಮುಟ್ಟಿ, ಬಂದಿದ್ದ ಒಂದೇ ಸಂಬಂಧ ಮುರಿದಿತ್ತು. ರೈತರ ಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲವೆಂದು 2023ರ ಫೆಬ್ರುವರಿಯಲ್ಲಿ ಮಂಡ್ಯದ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ನಕ್ಕವರಲ್ಲಿ ನಾನೂ ಇದ್ದೆ. ಇವನು ‘ಯಾವಾಗಪ್ಪ ಊಟ ಹಾಕ್ಸೋದು?’ ಅನ್ನುವವರಿಗೆ ಹೆದರಿ ಊರಿನ ಮದುವೆಗಳಿಗೇ ಹೋಗುತ್ತಿರಲಿಲ್ಲ. ಒಂಟಿಯಾದವನಿಗೆ ಮೊಬೈಲೇ ಜೊತೆ, ಮತ್ತೆ ನಿದ್ದೆಗೇಡು. ಯಾವುದು ಮೊದಲು ಅಂದರೆ ಅವನಿಗೂ ಗೊತ್ತಿಲ್ಲ. ವೈದ್ಯರನ್ನು ಕೇಳಿದರೂ ಅಷ್ಟೇ: ಖಿನ್ನತೆ ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ಖಿನ್ನತೆಯನ್ನು ಹೆಚ್ಚಿಸುತ್ತದೆ.

ಕೆ.ಆರ್. ನಗರದ ಭತ್ತದ ಬಯಲಿನಲ್ಲಿ ಈ ಕಾರಣಗಳ ಗಂಟು ಬೇರೆ ಥರ. ಎಚ್.ಡಿ. ಕೋಟೆ ಹಾಡಿಯ ಜೇನುಕುರುಬರ ಹುಡುಗನದು ತಾತ ಕಾಡು ಬಿಟ್ಟ ದಿನದಿಂದಲೇ ಬಿದ್ದ ಗಂಟು. ಕೊಡಗಿನ ತೋಟದ ಲೈನ್ ಮನೆಗೂ ಅದು ಜೊತೆಗೇ ಹೋಗುತ್ತದೆ. ಹೆಣ್ಣುಮಕ್ಕಳ ಗಂಟಿಗೆ ಇನ್ನೊಂದು ಬರಹವೇ ಬೇಕು.

ಬ್ಯಾರನ್ ಕಾಯುತ್ತಿದ್ದ ಹುಡುಗನಿಗೆ ‘ಗಾಳಿ ಸೋಕಿದೆ’ ಎಂದು ಮನೆಯವರು ತಾಯತ ಕಟ್ಟಿಸಿದ್ದರು. ಅವರನ್ನು ಬೈಯುವುದು ಸುಲಭ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಖಿನ್ನತೆಯಿದ್ದವರಲ್ಲಿ ಬಹುಪಾಲು ಮಂದಿ ಚಿಕಿತ್ಸೆಯನ್ನೇ ಕಂಡಿರಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ, ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ ಎಂದು ಆ ಮನೆಗೆ ಹೇಳಿದವರು ಯಾರು?

ಕೊನೆಗೆ ಅವನು ಕಂಡ ಡಾಕ್ಟರು ಸಾಲ ತೀರಿಸಲಿಲ್ಲ, ಹೆಣ್ಣು ಹುಡುಕಲಿಲ್ಲ. ಕೈಗೆ ಸಿಕ್ಕ ಎಳೆ ನಿದ್ದೆಯದು, ಅದನ್ನೇ ಹಿಡಿದರು. ಕುಡಿತ ಕಮ್ಮಿಯಾಗಿದೆಯಂತೆ, ಪೂರ್ತಿ ನಿಂತಿಲ್ಲ. ಈ ಸಲ ಬ್ಯಾರನ್ ಕಾಯುವುದು ಹನ್ನೆರಡರ ತನಕ ಅವನು, ಆಮೇಲೆ ಅಪ್ಪ.