ನ್ಯಾಯವಾದಿಗೆ ಯಾವ ಊರು?

ನಮ್ಮ ಶಾಲೆಯಲ್ಲಿ ಓದಿ, ಈಗ ಕಾನೂನು ಪದವಿಯ ಕೊನೆಯ ವರ್ಷದಲ್ಲಿರುವ ಸಿದ್ದಾಪುರದ ಕಡೆಯ ತರುಣನೊಬ್ಬನು ಈಚೆಗೆ ನನ್ನ ಮನೆಗೆ ಬಂದಿದ್ದನು. ಕುಶಲ ಪ್ರಶ್ನೆಗಳು ಮುಗಿದ ಮೇಲೆ, “ಗುರುಗಳೇ, ಬೆಂಗಳೂರಿಗೆ ಹೋಗಲೋ, ಧಾರವಾಡಕ್ಕೆ ಹೋಗಲೋ? ಯಾವ ಊರಿನಲ್ಲಿ ವಕೀಲಿ ಆರಂಭಿಸಿದರೆ ಒಳಿತು?” ಎಂದು ಕೇಳಿದನು. ವ್ಯಾಕರಣ ಕಲಿಸಿದವನು ವೃತ್ತಿಯ ವಿಷಯದಲ್ಲಿ ಏನು ಹೇಳಿಯಾನು? ಆದರೂ ಅವನ ಪ್ರಶ್ನೆಯಲ್ಲಿ ನನಗೆ ವಿಭಕ್ತಿಯ ದೋಷವೊಂದು ಕಂಡಿತು. ಅವನು ಸಪ್ತಮಿಯಲ್ಲಿ ‘ಎಲ್ಲಿ’ ಎಂದು ಕೇಳಿದ್ದನು. ಅದಕ್ಕೂ ಮೊದಲು ಚತುರ್ಥಿಯಲ್ಲಿ ‘ಯಾರಿಗೆ’ ಎಂದು ಕೇಳಬೇಕಾಗಿತ್ತು.

ಪೂರ್ವಪಕ್ಷವನ್ನು ಸರಿಯಾಗಿ ಮಂಡಿಸದೆ ಸಿದ್ಧಾಂತ ಹೇಳುವುದು ಶಾಸ್ತ್ರಸಮ್ಮತವಲ್ಲ. ಆದ್ದರಿಂದ ನಗರದ ಪಕ್ಷವನ್ನೇ ಮೊದಲು ನೋಡೋಣ. ಬೆಂಗಳೂರಿನಲ್ಲಿ ಉಚ್ಚ ನ್ಯಾಯಾಲಯದ ಪ್ರಧಾನ ಪೀಠವಿದೆ. ಹಿರಿಯ ನ್ಯಾಯವಾದಿಗಳ ಕಚೇರಿಗಳಿವೆ, ಗ್ರಂಥಭಂಡಾರಗಳಿವೆ. ಕರಡು ಬರೆಯುವ ನೈಪುಣ್ಯ, ವಾದದ ಶಿಸ್ತು, ಹೊಸ ತೀರ್ಪುಗಳ ಪರಿಚಯ ಅಲ್ಲಿ ಬೇಗ ಒದಗುತ್ತವೆ. ಧಾರವಾಡದ ಪೀಠವು 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆಯಿತು. ಆದರೆ ನಮ್ಮ ಹುಡುಗರು ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ನೆರೆಯ ಬಳ್ಳಾರಿ ಜಿಲ್ಲೆಯ ಮೇಲ್ಮನವಿಗಳು ಧಾರವಾಡಕ್ಕೆ ಹೋಗುತ್ತವೆ. ಚಿತ್ರದುರ್ಗ ಜಿಲ್ಲೆಯವು ಬೆಂಗಳೂರಿಗೇ ಹೋಗುತ್ತವೆ. ಧಾರವಾಡದಲ್ಲಿ ನೆಲಸಿದ ಮೊಳಕಾಲ್ಮೂರಿನವನಿಗೆ ತನ್ನ ತಾಲ್ಲೂಕಿನ ಮೇಲ್ಮನವಿ ಆ ಪೀಠದಲ್ಲಿ ದೊರೆಯದು. ಇನ್ನು ಮನೆಯಲ್ಲಿ ಸಾಲವಿದ್ದು, ತಂದೆತಾಯಿಗಳು ಮಗನ ಸಂಪಾದನೆಯ ದಾರಿ ಕಾಯುತ್ತಿದ್ದರೆ, ನಗರಕ್ಕೆ ಹೋಗುವವನನ್ನು ಆಶೆಬುರುಕನೆಂದು ಹಳಿಯುವ ಅಧಿಕಾರ ಯಾರಿಗೂ ಇಲ್ಲ.

ಪೂರ್ವಪಕ್ಷ ಪ್ರಬಲವಾಗಿಯೇ ಇದೆ. ಆದರೆ ವ್ಯಾಜ್ಯವೊಂದು ಹುಟ್ಟುವುದೆಲ್ಲಿ? ಅದು ಹುಟ್ಟುವುದು ತಾಲ್ಲೂಕು ನ್ಯಾಯಾಲಯದಲ್ಲಿ, ಸಾಕ್ಷಿಯ ಬಾಯಿಯಲ್ಲಿ. ಅಲ್ಲಿ ದಾಖಲಾದ ಮಾತೇ ಮುಂದಿನ ಎಲ್ಲ ಮೆಟ್ಟಿಲುಗಳಿಗೂ ಅಡಿಗಲ್ಲು. ಸಿವಿಲ್ ವ್ಯಾಜ್ಯದ ಎರಡನೆಯ ಮೇಲ್ಮನವಿಯಲ್ಲಿ ಉಚ್ಚ ನ್ಯಾಯಾಲಯವು ಕಾನೂನಿನ ಮಹತ್ತ್ವದ ಪ್ರಶ್ನೆಯಿದ್ದರೆ ಮಾತ್ರ ವಿಚಾರಣೆಗೆ ತೆಗೆದುಕೊಳ್ಳುತ್ತದೆ. ಸಾಕ್ಷ್ಯವನ್ನು ಹೊಸದಾಗಿ ತೂಗಲು ಸಾಮಾನ್ಯವಾಗಿ ಹೋಗುವುದಿಲ್ಲ. ಕೆಳಗೆ ಕೆಟ್ಟದ್ದನ್ನು ಮೇಲೆ ಸರಿಪಡಿಸುವುದು ಎಂತಹ ಪಂಡಿತನಿಗೂ ಕಷ್ಟ. ಹೀಗಿರುವಾಗ ಜಾಣರೆಲ್ಲರೂ ಮೇಲಿನ ಮೆಟ್ಟಿಲಲ್ಲಿಯೇ ನಿಂತರೆ ಅಡಿಗಲ್ಲನ್ನು ಇಡುವವರು ಯಾರು?

ಇಲ್ಲಿ ಭಾಷೆಯ ಮಾತೂ ಬರುತ್ತದೆ. ಸಂವಿಧಾನದ 348ನೆಯ ಅನುಚ್ಛೇದದಂತೆ ಉಚ್ಚ ನ್ಯಾಯಾಲಯದ ಭಾಷೆ ಇಂಗ್ಲಿಷು. 2024ರ ಡಿಸೆಂಬರಿನಲ್ಲಿ ನಮ್ಮ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವೊಂದು ಕನ್ನಡದಲ್ಲಿಯೂ ತೀರ್ಪು ನೀಡಿದಾಗ ಕನ್ನಡಿಗರೆಲ್ಲರೂ ಹರ್ಷಪಟ್ಟರು. ತಾಲ್ಲೂಕು ನ್ಯಾಯಾಲಯದ ಕಟಕಟೆಯಲ್ಲಿ ಮಾತ್ರ ಕನ್ನಡವೇ ದಿನನಿತ್ಯದ ಉಸಿರು. ಅದೂ ಎಂತಹ ಕನ್ನಡ! ನಮ್ಮ ಗಡಿಸೀಮೆಯಲ್ಲಿ ತೆಲುಗು ಬೆರೆತ, ಬದು, ಕಣ, ಹಕ್ಕಲುಗಳ ಕನ್ನಡ. ‘ಕಾವಲು’ ಎಂಬ ಒಂದು ಶಬ್ದವನ್ನೇ ತೆಗೆದುಕೊಳ್ಳಿರಿ. ನಿಘಂಟಿನಲ್ಲಿ ಅದರ ಮೊದಲ ಅರ್ಥ ಕಾಯುವಿಕೆ. ಚಳ್ಳಕೆರೆಯ ಕುರಿಗಾಹಿಗೆ ಕಾವಲೆಂದರೆ ಅವನ ಹಿಂಡು ಮೇಯುವ ಹುಲ್ಲುಗಾವಲು, ಆ ಹಿಂಡಿನ ಉಣ್ಣೆಯಿಂದ ನೇಯುವ ಕಂಬಳಿ, ಆ ಕಂಬಳಿ ಮಾರಿ ಬರುವ ಅನ್ನ. ಮೈಸೂರು ಅರಸರ ಕಾಲದಿಂದ ಬಂದ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ಭೂಮಿಯನ್ನು ರಕ್ಷಣೆ ಮತ್ತು ವಿಜ್ಞಾನದ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ಕೊಟ್ಟಾಗ, ಆ ವಿವಾದವು 2013ರಲ್ಲಿ ಚೆನ್ನೈಯಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪೀಠದ ಮುಂದೆ ಹೋಯಿತು. ದೇಶಕ್ಕೆ ಆ ಸಂಸ್ಥೆಗಳೂ ಬೇಕು; ಅದರ ಸರಿತಪ್ಪುಗಳ ನಿರ್ಣಯ ನನ್ನದಲ್ಲ. ಆದರೆ ಕುರಿಗಾಹಿಯ ‘ಕಾವಲು’ ಎಂಬ ಮಾತಿನ ತೂಕವನ್ನು ಅಷ್ಟು ದೂರದ ಪೀಠಕ್ಕೆ ತಿಳಿಸಿಕೊಡಲು, ಆ ಮಾತನ್ನು ಎದೆಯಿಂದ ಬಲ್ಲ ಕಾನೂನು ಪಂಡಿತರು ನಮ್ಮೂರುಗಳಲ್ಲಿ ಎಷ್ಟು ಮಂದಿ ಇದ್ದಾರೆ ಎಂಬ ಪ್ರಶ್ನೆ ಉಳಿಯುತ್ತದೆ.

ಮತ್ತೊಂದು ಉದಾಹರಣೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಬಡವರಿಗೆ ಸರ್ಕಾರ ಕೊಟ್ಟ ಜಮೀನು ಪರಭಾರೆಯಾಗದಂತೆ ತಡೆಯಲು 1978ರ ಕಾಯಿದೆ ಬಂದಿತು. 2023ರ ತಿದ್ದುಪಡಿಯು ಅರ್ಜಿಗೆ ಕಾಲಮಿತಿಯ ತೊಡಕಿಲ್ಲವೆಂದು ಸಾರಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಣ್ಣುಮಕ್ಕಳಿಗೂ ಪರಿಶಿಷ್ಟರಿಗೂ ವರಮಾನವನ್ನು ಲೆಕ್ಕಿಸದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಇವೆಲ್ಲವೂ ಗ್ರಂಥದಲ್ಲಿವೆ. ಆದರೆ ಮೊಳಕಾಲ್ಮೂರಿನ ಅಜ್ಜಿಯೊಬ್ಬಳು ಸೆರಗಿನಲ್ಲಿ ಹಳೆಯ ಹಕ್ಕುಪತ್ರವನ್ನು ಕಟ್ಟಿಕೊಂಡು ಬಂದಾಗ, ಅದನ್ನು ಬಿಡಿಸಿ ಓದಿ, “ಅಮ್ಮಾ, ಕುಳಿತುಕೊಳ್ಳಿರಿ” ಎನ್ನುವವನು ಒಬ್ಬನಿರಬೇಕು. ಅವನಿಲ್ಲದಿದ್ದರೆ ಕಾಯಿದೆಯು ಪೆಟ್ಟಿಗೆಯಲ್ಲಿಟ್ಟ ಔಷಧಿಯಂತೆ ನಿಷ್ಫಲ.

ಸಣ್ಣ ಊರಿನಲ್ಲಿ ವಕೀಲಿ ಮಾಡಿದವನು ಸಣ್ಣವನಾಗಿಯೇ ಉಳಿಯುವನೆಂಬ ಭಯವೂ ನಿರಾಧಾರ. ಶ್ರೀ ಎಸ್. ನಿಜಲಿಂಗಪ್ಪನವರು ಬೆಂಗಳೂರಿನಲ್ಲಿ ಪದವಿ ಪಡೆದು, ಪುಣೆಯಲ್ಲಿ ಕಾನೂನು ಓದಿ, ವಕೀಲಿಗೆ ಚಿತ್ರದುರ್ಗವನ್ನೇ ಆರಿಸಿಕೊಂಡರು. ಅವರು ಆ ಊರಿನಿಂದಲೇ ಹೊರಟು 1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. 2000ದಲ್ಲಿ ಆ ಊರಿನಲ್ಲಿಯೇ ಕಣ್ಮುಚ್ಚಿದರು.

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಇಂತಹ ಸಂಚಿಕೆಗಳಲ್ಲಿ ನಾವು ಕೀರ್ತಿ ತಂದ ವಿದ್ಯಾರ್ಥಿಗಳೆಂದು ಯಾರ ಭಾವಚಿತ್ರ ಅಚ್ಚು ಮಾಡಿಸುತ್ತೇವೆ? ದೂರದ ನಗರಗಳಲ್ಲಿ ನೆಲಸಿದವರದು. ತಾಲ್ಲೂಕು ನ್ಯಾಯಾಲಯದ ಜಗಲಿಯಲ್ಲಿ ಬಡವರ ಅರ್ಜಿ ಬರೆದುಕೊಟ್ಟವನನ್ನು ನಾವು ವೇದಿಕೆಗೆ ಕರೆದದ್ದುಂಟೇ? ಇಪ್ಪತ್ತು ವರ್ಷ ನಗರವನ್ನೇ ಹೊಗಳಿ, ಅನಂತರ ಹುಡುಗರು ಹಳ್ಳಿಯನ್ನು ಬಿಟ್ಟರೆಂದು ಮರುಗುವುದು ನ್ಯಾಯವಲ್ಲ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ಮೊದಲ ಎರಡು ಮೂರು ವರ್ಷಗಳನ್ನು ಚಳ್ಳಕೆರೆ, ಮೊಳಕಾಲ್ಮೂರು, ಚಿತ್ರದುರ್ಗದ ನ್ಯಾಯಾಲಯಗಳಲ್ಲಿ ಕಳೆಯಲಿ. ಸಾಕ್ಷಿಯನ್ನು ಆಲಿಸುವುದನ್ನು ಕಲಿಯಲಿ. ಆಮೇಲೆ ಬೇಕೆನಿಸಿದರೆ ಬೆಂಗಳೂರಿಗೆ ಹೋಗಲಿ. ಊರಿನ ಕಡತಗಳನ್ನು ಕೈಬಿಡದಿರಲಿ. ಈಗ ದೃಶ್ಯಸಂವಾದದ ಮೂಲಕ ಊರಿನಿಂದಲೇ ಉಚ್ಚ ನ್ಯಾಯಾಲಯದಲ್ಲಿ ವಾದಿಸುವ ಸೌಕರ್ಯವೂ ಬಂದಿದೆ. ಆದರೆ ಹಸಿದ ಹೊಟ್ಟೆಗೆ ಉಪದೇಶ ಸಾಲದು. ಅನ್ನ, ಅಕ್ಷರ, ಆಶ್ರಯಗಳನ್ನು ಕೊಟ್ಟು ಸಾಕಿದ ಶ್ರೀಮಠದ ಹಳೆಯ ವಿದ್ಯಾರ್ಥಿಗಳು ಕೂಡಿ, ಊರಿನಲ್ಲಿ ನಿಲ್ಲಲೊಪ್ಪಿದ ತರುಣ ವಕೀಲನಿಗೆ ಎರಡು ವರ್ಷ ಒಂದು ಕೊಠಡಿಯ ಬಾಡಿಗೆಯನ್ನೂ ಗ್ರಂಥಗಳನ್ನೂ ಒದಗಿಸಿದರೆ ಅದು ನಿಜವಾದ ದಾಸೋಹ; ಅವನು ಮಾಡುವುದು ನಿಜವಾದ ಕಾಯಕ.

ಆ ತರುಣನು ಇನ್ನೂ ನಿರ್ಧರಿಸಿಲ್ಲ. ಹೊರಟು ನಿಂತಾಗ ಅವನಿಗೆ ಅವನೂರಿನ ಬಂಡೆಯನ್ನೇ ನೆನಪಿಸಿದೆನು. 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಸಿದ್ದಾಪುರದ ಅಶೋಕ ಶಾಸನವು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ. ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯವಚನ, ಗುರುಗೌರವಗಳನ್ನು ಅದು ವಿಧಿಸುತ್ತದೆ. ಅದನ್ನು ಬರೆದ ಲಿಪಿಕಾರ ಚಪಡನು ತನ್ನ ವೃತ್ತಿಯ ಹೆಸರನ್ನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅವನು ಯಾವ ನಗರದವನೋ ಯಾರೂ ಅರಿಯರು. ಅವನ ಹೆಸರು ಇಂದಿಗೂ ಉಳಿದಿರುವುದು ನಮ್ಮ ಸೀಮೆಯ ಈ ಕಲ್ಲಿನ ಮೇಲೆ.